ಅಲ್ಗಾರ್ ನೀರಿಗಿಳಿದ ಅಮ್ಮ

ಸ್ಪೇನ್‌ನ ಬೆನಿಡಾರ್ಮ್ ಬೀಚ್‌ನಿಂದ ಸುಮಾರು 15 ಕಿ.ಮೀ. ಒಳಗೆ, ಕಲ್ಯೋಸಾ ಅನ್ನೋ ಪುಟ್ಟ ಊರಿನ ಪಕ್ಕ ಅಲ್ಗಾರ್ ಬುಗ್ಗೆಗಳಿವೆ. ಸುಣ್ಣಕಲ್ಲಿನ ಬೆಟ್ಟದಿಂದ ಉಕ್ಕುವ ನೀರು ಸಣ್ಣ ಸಣ್ಣ ಜಲಪಾತಗಳಾಗಿ ಇಳಿಯುತ್ತದೆ. ಅಲ್ಗಾರ್ ಅಂದ್ರೆ ಅರಬ್ಬಿಯಲ್ಲಿ ಗುಹೆ.

ಮಂಡಿನೋವಿರೋ ಅಮ್ಮನಿಗೆ ಈ ಜಾಗ ಬೇಡ ಅಂದಿದ್ದೆ. "ನಾನೇನು ಹೋಟೆಲ್ ರೂಮ್ ಕಾಯೋಕೆ ಬಂದಿದ್ದಾ?" ಅಂದಳು. ಕೊನೆಗೆ ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು, ಹವಾಯಿ ಚಪ್ಪಲಿ ಹಾಕಿದ್ದ ನಾನೇ! ನೀವು ಗ್ರಿಪ್ ಇರೋ ಶೂ ಹಾಕ್ಕೊಂಡು ಹೋಗಿ. ನೀರು ಬೇಸಿಗೆಯಲ್ಲೂ 17 ಡಿಗ್ರಿ ಆಸುಪಾಸು, ಕಾಲಿಟ್ಟರೆ ಹಲ್ಲು ಕಟಕಟ. ಅಮ್ಮ ಮಾತ್ರ ಚೂಡಿದಾರ್ ಮಡಚಿ, ಮಂಡಿ ಮುಳುಗಿಸಿ ಅರ್ಧ ಗಂಟೆ ಕೂತಳು. ಏಳು ಅಂದ್ರೂ ಏಳಲಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಜನಜಾತ್ರೆ. ನಮ್ಮ ಹಾಗೆ ಮೇನಲ್ಲಿ ಹೋದರೆ ಸುತ್ತಲಿನ ತೋಟಗಳ ಲೋಕಾಟ್ ಹಣ್ಣೂ ಸಿಗುತ್ತೆ. ಒಂದು ಕಿಲೋ ತಗೊಂಡ್ವಿ. ವಾಪಸ್ ಬರುವಾಗ ಬಸ್‌ನಲ್ಲಿ ಅಮ್ಮ ಬೀಜಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟುತ್ತಿದ್ದಳು.