ಗಣಕ ಬದಲಾದಾಗ ಅಕ್ಷರಗಳಿಗೆ ಆಗುವುದೇನು?

ವಿದುರಾಶ್ವತ್ಥದಲ್ಲಿ ನಮ್ಮ ನೆರೆಮನೆಯ ನಿವೃತ್ತ ಉಪಾಧ್ಯಾಯರೊಬ್ಬರು ಕಳೆದ ಚಳಿಗಾಲದ ಒಂದು ಸಂಜೆ ಪೆನ್ ಡ್ರೈವೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. 1938ರ ಏಪ್ರಿಲ್ 25ರಂದು ನಮ್ಮೂರಿನಲ್ಲಿ ಧ್ವಜ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದ ಸಂಗತಿಯನ್ನು ವಾಚಕರಲ್ಲಿ ಅನೇಕರು ಓದಿರಬಹುದು. ಆ ದಿನವನ್ನು ಕಣ್ಣಾರೆ ಕಂಡ ಹಿರಿಯರು ಕೆಲವರು ಇನ್ನೂ ಬದುಕಿದ್ದ ಕಾಲದಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಮೇಷ್ಟರು ಅವರ ಮನೆಗಳಿಗೆ ಹೋಗಿ, ಹೇಳಿದುದನ್ನೆಲ್ಲ ಬರೆದುಕೊಂಡು, ಬಳಿಕ ತಾವೇ ಗಣಕದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಅರುವತ್ತು ಪುಟಗಳ ಬರಹ. ಈಗ ಮಗನು ಹೊಸ ಗಣಕವನ್ನು ತಂದುಕೊಟ್ಟಿದ್ದಾನೆ. ಹಳೆಯದು ಅಟ್ಟ ಸೇರಿದೆ. ಹೊಸದರಲ್ಲಿ ಕಡತವನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ಪುಟದ ತುಂಬ ಬ್ರಿಟಿಷ್ ಪೌಂಡಿನ ಚಿಹ್ನೆಗಳು, ತಲೆಯ ಮೇಲೆ ಗೀಟುಳ್ಳ ಇಂಗ್ಲಿಷ್ ಅಕ್ಷರಗಳು.

“ಹೇಳಿದವರು ಒಬ್ಬರೂ ಈಗ ಇಲ್ಲ. ಕೈಬರಹದ ಪುಸ್ತಕವನ್ನು ಗೆದ್ದಲು ತಿಂದಿತು. ಇದೂ ಹೋದ ಹಾಗೆಯೇ ಏನಪ್ಪಾ?” ಎಂದು ಮೇಷ್ಟರು ಕೇಳಿದರು.

“ಹೋಗಿರಲಾರದು ಮೇಷ್ಟ್ರೇ, ಹಳೆಯ ಗಣಕವನ್ನು ಮಾತ್ರ ಗುಜರಿಗೆ ಹಾಕಬೇಡಿ” ಎಂದೆ. ಹಾಗೆ ಹೇಳಿದೆನಾದರೂ ನನಗೂ ಪೂರ್ಣ ಧೈರ್ಯವಿರಲಿಲ್ಲ.

ಅಷ್ಟಕ್ಕೂ ಆ ಹಳೆಯ ಗಣಕ ಅಟ್ಟ ಸೇರಿದುದೇಕೆ? ಅದು ಕೆಟ್ಟಿರಲಿಲ್ಲ. 2014ರಲ್ಲಿ ಕೊಂಡದ್ದು, ಪತ್ರ ಬರೆಯುವುದಕ್ಕೂ ವಾರ್ತೆ ಓದುವುದಕ್ಕೂ ಬೇಕಾದಷ್ಟು ಸಾಮರ್ಥ್ಯ ಅದರಲ್ಲಿತ್ತು. ಅದರಲ್ಲಿದ್ದ ಕಾರ್ಯಾಚರಣ ವ್ಯವಸ್ಥೆ, ಎಂದರೆ ಆಪರೇಟಿಂಗ್ ಸಿಸ್ಟಂ, ವಿಂಡೋಸ್ 10. ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈ 29ರಂದು ಹೊರತಂದ ಈ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿನಿಂದ ಜಗತ್ತಿನ ಅಸಂಖ್ಯಾತ ಮನೆಗಳಲ್ಲಿ, ಕಛೇರಿಗಳಲ್ಲಿ, ಕಾಲೇಜುಗಳಲ್ಲಿ ‘ಮುಂದೇನು?’ ಎಂಬ ಒಂದೇ ಪ್ರಶ್ನೆ.

ಕಾರ್ಯಾಚರಣ ವ್ಯವಸ್ಥೆಯ ಕೆಲಸವೇನೆಂಬುದನ್ನು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ತಿಳಿಸುವುದು ಸುಲಭ. ಇದು ಕೆರೆಗಳ ಸೀಮೆ. ಕೆರೆಯ ತೂಬನ್ನು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ನೋಡಿಕೊಳ್ಳುವವನು ನೀರುಗಂಟಿ. ರೈತರು ತಾವಾಗಿಯೇ ತೂಬಿಗೆ ಕೈಹಾಕುವಂತಿಲ್ಲ. ಗಣಕದಲ್ಲಿ ಬರಹದ ತಂತ್ರಾಂಶ, ಚಿತ್ರದ ತಂತ್ರಾಂಶ, ಅಂತರಜಾಲದ ತಂತ್ರಾಂಶ ಮೊದಲಾದುವು ರೈತರಿದ್ದಂತೆ. ಸಂಸ್ಕಾರಕದ ಸಮಯ, ಮೆಮೊರಿಯ ಜಾಗ, ಡಿಸ್ಕು, ಮುದ್ರಕ ಇವೆಲ್ಲ ನೀರಿದ್ದಂತೆ. ಹಂಚುವ ಅಧಿಕಾರವೆಲ್ಲ ಕಾರ್ಯಾಚರಣ ವ್ಯವಸ್ಥೆಯದು. ಇಲ್ಲಿಂದಲೇ ಅಪಾಯವೂ ಹುಟ್ಟುತ್ತದೆ. ನೀರುಗಂಟಿಯ ಕಣ್ಣು ತಪ್ಪಿಸಿ ತೂಬನ್ನೆತ್ತುವ ಉಪಾಯವನ್ನು ಕಳ್ಳನೊಬ್ಬನು ಕಂಡುಕೊಂಡನೆಂದರೆ ಇಡೀ ಕೆರೆ ಅವನದಾಯಿತು.

ಬೆಂಬಲ ಮುಗಿಯಿತೆಂದರೆ ಗಣಕವು ಮರುದಿನ ನಿಂತುಹೋಗುವುದೆಂದಲ್ಲ. ಇಂಥ ಬಿರುಕುಗಳು ಕಂಡುಬಂದಾಗ ಅವನ್ನು ಮುಚ್ಚುವ ತಿದ್ದುಪಡಿಗಳು ಬರುವುದು ನಿಂತುಹೋಗುತ್ತದೆ. 2017ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ನೂರೈವತ್ತು ದೇಶಗಳಲ್ಲಿ ಹಬ್ಬಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆ ಬಿರುಕಿಗೆ ತಿದ್ದುಪಡಿಯು ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲಿಯೇ, ಬಂದಿತ್ತೆಂಬುದು ಗಮನಿಸತಕ್ಕ ಸಂಗತಿ. ತಿದ್ದುಪಡಿ ಬಂದಿದ್ದೂ ಹಾಕಿಕೊಳ್ಳದವರ ಪಾಡು ಇದಾದರೆ, ತಿದ್ದುಪಡಿಯೇ ಬಾರದಿರುವವರ ಪಾಡೇನು? ಆದುದರಿಂದ ‘ಹೇಗೋ ನಡೆಯುತ್ತಿದೆ, ಇರಲಿ’ ಎಂದು ಹಳೆಯ ವ್ಯವಸ್ಥೆಯಲ್ಲಿಯೇ ಹಣದ ವ್ಯವಹಾರ ನಡೆಸುವುದು ಜಾಣತನವಲ್ಲ.

ಹಾಗಾದರೆ ಹೊಸ ಆವೃತ್ತಿಗೆ ಏರಬಾರದೇಕೆ? ಇಲ್ಲಿಯೇ ಜನರ ಅಸಮಾಧಾನದ ಬೇರಿದೆ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ, ಇಂಟೆಲ್ ಸಂಸ್ಥೆಯದಾದರೆ ಹೆಚ್ಚುಕಡಮೆ 2017ರ ಎಂಟನೆಯ ಪೀಳಿಗೆಯ ಅಥವಾ ಅನಂತರದ ಸಂಸ್ಕಾರಕವನ್ನೂ ಬಯಸುತ್ತದೆ. ರಹಸ್ಯ ಕೀಲಿಗಳನ್ನು ಉಳಿದ ತಂತ್ರಾಂಶಗಳ ಕೈಗೆ ಸಿಗದಂತೆ ಪ್ರತ್ಯೇಕವಾಗಿ ಕಾಪಾಡುವ ತಿಜೋರಿ ಈ ಟಿಪಿಎಂ. ಬೇಡಿಕೆಯಲ್ಲಿ ಅರ್ಥವಿಲ್ಲವೆಂದು ನಾನು ಹೇಳಲಾರೆ. ಆದರೆ 2016ರಲ್ಲಿ ಕೊಂಡ, ಎಂಟು ಗಿಗಾಬೈಟ್ ಮೆಮೊರಿಯುಳ್ಳ ಗಟ್ಟಿಮುಟ್ಟಾದ ಗಣಕವು ವೇಗದಲ್ಲಿ ಯಾವ ಕೊರತೆಯಿಲ್ಲದಿದ್ದರೂ ಅನರ್ಹವೆನಿಸಿಕೊಳ್ಳುತ್ತದೆ. ಏರಲು ಸಾಧ್ಯವಾದವರಿಗೂ ತೃಪ್ತಿಯಿಲ್ಲ: ಪರದೆಯ ಅಂಚಿನ ಪಟ್ಟಿಯನ್ನು ಬೇಕಾದ ಕಡೆಗೆ ಸರಿಸಿಕೊಳ್ಳುವ ಸ್ವಾತಂತ್ರ್ಯ ಅದು ಹೊರಬಂದಾಗ ಇರಲಿಲ್ಲವೆಂದು ಒಬ್ಬರ ದೂರು, ಸ್ವಂತ ಗಣಕವನ್ನು ಅಣಿಮಾಡಲು ಅಂತರಜಾಲದ ಖಾತೆಯೇಕೆ ಬೇಕೆಂದು ಮತ್ತೊಬ್ಬರ ದೂರು. ಮನೆಬಳಕೆದಾರರಿಗಾಗಿ ವಿಂಡೋಸ್ 10ರ ಭದ್ರತಾ ತಿದ್ದುಪಡಿಗಳನ್ನು 2026ರ ಅಕ್ಟೋಬರ್ 13ರವರೆಗೆ ಮುಂದುವರಿಸುವ ಏರ್ಪಾಡೊಂದನ್ನು ಸಂಸ್ಥೆಯು ಪ್ರಕಟಿಸಿತು. ಅದು ಗಡುವನ್ನು ಮುಂದೂಡಿತೇ ಹೊರತು ಪ್ರಶ್ನೆಯನ್ನು ಬಗೆಹರಿಸಲಿಲ್ಲ.

ಆದುದರಿಂದ ಅನೇಕರ ದೃಷ್ಟಿಯು ಲಿನಕ್ಸ್ ಕಡೆಗೆ ತಿರುಗಿದೆ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲಾರಂಭಿಸಿದ ಈ ವ್ಯವಸ್ಥೆಯ ತಿರುಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದು ಅಪರಿಚಿತವೆಂದು ಭಾವಿಸುವವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ತಿರುಳಿದೆ. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಐನೂರು ಅತಿವೇಗದ ಗಣಕಗಳ ಪಟ್ಟಿಯಲ್ಲಿ ಲಿನಕ್ಸ್ ಇಲ್ಲದ ಯಂತ್ರ ಒಂದೂ ಇಲ್ಲ. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮುಂತಾದುವು ಅದರ ಬೇರೆ ಬೇರೆ ಸಿದ್ಧರೂಪಗಳು. ನಮ್ಮ ಸಿ-ಡ್ಯಾಕ್ ಸಂಸ್ಥೆಯು 2007ರಿಂದ ಹೊರತರುತ್ತ ಬಂದ ‘ಬಾಸ್’ ಸಹ ಇದೇ ವಂಶದ್ದು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತನ್ನು ಹೇಳಬೇಕು. ದೆಹಲಿಯ ಅಂತರ ವಿಶ್ವವಿದ್ಯಾನಿಲಯ ವೇಗೋತ್ಕರ್ಷಕ ಕೇಂದ್ರದವರು ರೂಪಿಸಿದ ‘ಎಕ್ಸ್‌ಪ್ಐಸ್’ ಎಂಬ ಅಗ್ಗದ ಪ್ರಯೋಗ ಸಾಧನವು ಮುಕ್ತ ತಂತ್ರಾಂಶವನ್ನೇ ನೆಚ್ಚಿ ಬೆಳೆದದ್ದು. ಲೋಲಕದ ಆಂದೋಲನವನ್ನೂ ಕೆಪ್ಯಾಸಿಟರಿನ ವಿಸರ್ಜನೆಯನ್ನೂ ಹಳೆಯ ಗಣಕದ ಪರದೆಯ ಮೇಲೆಯೇ ಕಾಣಬಹುದು.

ಸಾವಿರಾರು ಶಾಲೆಗಳು ಒಟ್ಟಾಗಿ ಬದಲಾಯಿಸಿಕೊಂಡ ನಿದರ್ಶನವೂ ಹತ್ತಿರದಲ್ಲಿಯೇ ಇದೆ. ಕೇರಳದ ಶಾಲೆಗಳಲ್ಲಿ ಗಣಕ ಶಿಕ್ಷಣವು ಬಹುಕಾಲದಿಂದ ಲಿನಕ್ಸಿನ ಮೇಲೆ ನಡೆಯುತ್ತಿದೆ. ಹಿಂದೆ ‘ಐಟಿ ಅಟ್ ಸ್ಕೂಲ್’ ಎನಿಸಿಕೊಂಡಿದ್ದು 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾದ ಯೋಜನೆಯು ಇದಕ್ಕಾಗಿಯೇ ಉಬುಂಟುವನ್ನು ಅಳವಡಿಸಿಕೊಂಡಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಮೊದಲು ಕೈಯಿಡುವುದು ಈ ವ್ಯವಸ್ಥೆಯ ಮೇಲೆಯೇ. ಅವರಿಗೆ ಅದು ‘ಪರ್ಯಾಯ’ವಲ್ಲ.

ಆದರೆ ಎಲ್ಲ ಕಡೆಯೂ ಹೀಗೆ ಸಲೀಸಾಗಿ ನಡೆಯಲಿಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆಯು 2003ರಲ್ಲಿ ತೀರ್ಮಾನಿಸಿ, ಹತ್ತು ವರ್ಷ ಶ್ರಮಿಸಿ, ಸುಮಾರು 15,000 ಗಣಕಗಳನ್ನು ಲಿನಕ್ಸಿಗೆ ಬದಲಾಯಿಸಿ, 2017ರಲ್ಲಿ ಪುನಃ ವಿಂಡೋಸಿಗೆ ಹಿಂದಿರುಗಲು ನಿಶ್ಚಯಿಸಿತು. ಹೊರಗಿನವರೊಡನೆ ಕಡತಗಳನ್ನು ಕೊಟ್ಟು ತೆಗೆದುಕೊಳ್ಳುವುದರಲ್ಲಿನ ತೊಡಕು ಒಂದು ಕಾರಣವೆಂದು ಹೇಳಿದರು, ರಾಜಕೀಯವೂ ಬೆರೆತಿತ್ತೆನ್ನುವವರುಂಟು. ಅದೇನೇ ಇರಲಿ, ತೊಡಕು ಕಡತಗಳಲ್ಲಿ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಷ್ಟರ ಪೆನ್ ಡ್ರೈವಿನ ಬಳಿಗೆ ಬರೋಣ.

ಮುಂದಿನ ಭಾನುವಾರ ಅಟ್ಟದಿಂದ ಗಣಕವನ್ನಿಳಿಸಿ, ಧೂಳು ಒರೆಸಿ, ಲಿನಕ್ಸ್ ಮಿಂಟ್ ತುಂಬಿದ್ದ ಇನ್ನೊಂದು ಪೆನ್ ಡ್ರೈವನ್ನು ಚುಚ್ಚಿ ಚಾಲೂ ಮಾಡಿದೆವು. ಡಿಸ್ಕಿನಲ್ಲಿ ಏನನ್ನೂ ಅಳಿಸದೆ, ಪೆನ್ ಡ್ರೈವಿನಿಂದಲೇ ವ್ಯವಸ್ಥೆಯನ್ನು ನಡೆಸಿ ಪರೀಕ್ಷಿಸುವ ಸೌಕರ್ಯ ಇದರಲ್ಲುಂಟು. ಹಿಡಿಸದಿದ್ದರೆ ಆರಿಸಿ ಕಿತ್ತುಬಿಟ್ಟರಾಯಿತು. ಗಣಕವು ಚುರುಕಾಗಿಯೇ ಎದ್ದಿತು. ಮೇಷ್ಟರ ಮುಖವರಳಿತು. ಕಡತವನ್ನು ತೆರೆದೆವು. ಅದೇ ಪೌಂಡಿನ ಚಿಹ್ನೆಗಳು, ಅದೇ ಗೀಟಿನ ಅಕ್ಷರಗಳು! ಅವರ ಮುಖ ಮತ್ತೆ ಬಾಡಿತು. ನನಗೆ ಮಾತ್ರ ಒಳಗೊಳಗೆ ಸಮಾಧಾನವಾಯಿತು. ಎರಡು ಬೇರೆ ವ್ಯವಸ್ಥೆಗಳಲ್ಲಿ ಒಂದೇ ಬಗೆಯ ಗೋಜಲು ಕಾಣುವುದಾದರೆ ಕಡತವು ಕೆಟ್ಟಿಲ್ಲ; ಅದರಲ್ಲಿ ಏನಿದೆಯೋ ಅದನ್ನೇ ಎರಡೂ ನಿಷ್ಠೆಯಿಂದ ತೋರಿಸುತ್ತಿವೆ.

ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುವುದು. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯೆಂದು ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು. ಬರಹ ತಂತ್ರಾಂಶವು ಬಂದ 1998ರ ಸುಮಾರಿನಲ್ಲಿ, ಅದಾದ ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗಲೂ, ಸಾಮಾನ್ಯ ಗಣಕಗಳಲ್ಲಿ ಕನ್ನಡಕ್ಕೆಂದು ಸಂಖ್ಯೆಗಳ ಬಳಕೆ ಇನ್ನೂ ನೆಲೆಯೂರಿರಲಿಲ್ಲ. ಆಗ ನಮ್ಮವರು ಮಾಡಿದ ಉಪಾಯ ಸ್ವಾರಸ್ಯವಾದದ್ದು. ಇಂಗ್ಲಿಷ್ ಮತ್ತಿತರ ಯೂರೋಪಿನ ಅಕ್ಷರಗಳಿಗಾಗಿ ಇದ್ದ 256 ಸಂಖ್ಯೆಗಳನ್ನೇ ಹಿಡಿದು, ಅವುಗಳ ಮುಖಕ್ಕೆ ಕನ್ನಡದ ತುಣುಕುಗಳನ್ನು ಬರೆದ ಫಾಂಟನ್ನು ತೊಡಿಸಿದರು. ನುಡಿ ಮಾದರಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ಉಳಿಯುವ ಸಂಖ್ಯೆಗಳು ಇವು: 80, 192, 163, 192, 223, 113, 192. ಇಲ್ಲಿ 80 ಎಂಬುದು ‘ಕ’ದ ಒಡಲು, ಮೂರು ಸಲ ಬಂದಿರುವ 192 ತಲೆಕಟ್ಟು, 223 ಎಂಬುದು ನಕಾರದ ಒತ್ತು. ಫಾಂಟಿಲ್ಲದ ಗಣಕಕ್ಕಾದರೋ 80 ಎಂದರೆ ಇಂಗ್ಲಿಷಿನ ದೊಡ್ಡ ‘ಪಿ’, 163 ಎಂದರೆ ಪೌಂಡಿನ ಚಿಹ್ನೆ. ಅದರಲ್ಲಿ ಗಣಕದ ತಪ್ಪೇನು?

ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳು ದೊರೆತಿವೆ. ಅಲ್ಲಿ ‘ಕನ್ನಡ’ವೆಂದರೆ 3221, 3240, 3277, 3240, 3233. ಕ, ನ, ಹಲಂತದ ಗುರುತು, ನ, ಡ. ತಲೆಕಟ್ಟು, ಒತ್ತು ಇವುಗಳ ಆಕಾರವನ್ನು ಕಡತವು ಹೊರುವುದಿಲ್ಲ. ತೋರಿಸುವಾಗ ವ್ಯವಸ್ಥೆಯು ತಾನೇ ರಚಿಸಿಕೊಳ್ಳುತ್ತದೆ. ಈ ಸಂಖ್ಯೆಗಳಿಗೆ ಬೇರೆ ಯಾವ ಭಾಷೆಯ ಅಕ್ಷರವೂ ಹಕ್ಕುದಾರನಲ್ಲವಾದ ಕಾರಣ ವಿಂಡೋಸಾಗಲಿ, ಲಿನಕ್ಸಾಗಲಿ, ಫೋನಾಗಲಿ ಕನ್ನಡವನ್ನು ಕನ್ನಡವೆಂದೇ ಓದುತ್ತದೆ. ಮೈಕ್ರೋಸಾಫ್ಟಿನ ವ್ಯವಸ್ಥೆಗಳಲ್ಲಿ ಇದು 2001ರ ಎಕ್ಸ್‌ಪಿಯಿಂದ, ತುಂಗಾ ಫಾಂಟಿನೊಡನೆ, ಸಾಧ್ಯವಾಯಿತು. ಆದರೂ ನಮ್ಮ ಬೆರಳುಗಳೂ ಮುದ್ರಣಾಲಯಗಳೂ ಹಳೆಯ ಪದ್ಧತಿಯನ್ನು ಬಹುಕಾಲ ಬಿಡಲಿಲ್ಲ. ನನ್ನ ಪ್ರಶ್ನಪತ್ರಿಕೆಗಳ ಹಳೆಯ ಕಂತೆಯೂ ಹಾಗೆಯೇ ಇದೆ, ನಾಚಿಕೆಯಿಂದಲೇ ಹೇಳುತ್ತೇನೆ.

ಮೇಷ್ಟರ ಕಡತಕ್ಕೆ ಮೊದಲ ಚಿಕಿತ್ಸೆ ಅಲ್ಲಿಯೇ ದೊರೆಯಿತು. ಹಳೆಯ ಡಿಸ್ಕನ್ನು ಲಿನಕ್ಸಿನಿಂದ ತೆರೆದು ನೋಡಿದರೆ ಅವರ ಫಾಂಟು ಹಾಗೆಯೇ ಕುಳಿತಿತ್ತು. ಅದನ್ನು ನಕಲುಮಾಡಿ ಸ್ಥಾಪಿಸಿದ ಒಡನೆಯೆ ಅರುವತ್ತು ಪುಟಗಳೂ ಕನ್ನಡವಾದುವು! ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಇದು ಮುಖವಾಡ ಮಾತ್ರ. ಒಳಗಿನ ಸಂಖ್ಯೆಗಳು ಇನ್ನೂ ಇಂಗ್ಲಿಷಿನವೇ. ‘ಸತ್ಯಾಗ್ರಹ’ ಎಂದು ಯೂನಿಕೋಡಿನಲ್ಲಿ ಬರೆದು ಹುಡುಕಿದರೆ ಒಂದೂ ಸಿಗದು. ಮೊಮ್ಮಗನ ಫೋನಿಗೆ ಕಳುಹಿಸಿದರೆ ಮತ್ತೆ ಗೋಜಲೇ.

ಎರಡನೆಯ ಚಿಕಿತ್ಸೆಯು ಪರಿವರ್ತನೆ. ಇದಕ್ಕೆ ಕನ್ನಡಿಗರೇ ಬರೆದ ಉಚಿತ ತಂತ್ರಾಂಶಗಳಿವೆ. ಕೆಲಸವು ಒಂದು ಸಂಖ್ಯೆಯ ಜಾಗದಲ್ಲಿ ಇನ್ನೊಂದನ್ನು ಇಟ್ಟಷ್ಟು ಸರಳವಲ್ಲ. ‘ಕರ್ನಾಟಕ’ ಎಂಬಲ್ಲಿ ಅರ್ಕಾವೊತ್ತನ್ನು ಹಳೆಯ ಪದ್ಧತಿಯು ಕಣ್ಣಿಗೆ ಕಂಡಂತೆ ‘ನಾ’ ಆದ ಮೇಲೆ ಇಡುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು ಬರಬೇಕು. ಪರಿವರ್ತಕವು ಹಿಂದಕ್ಕೆ ಹೋಗಿ ಅದನ್ನು ಸ್ವಸ್ಥಾನದಲ್ಲಿ ಕೂರಿಸಬೇಕು. ನಡುವೆ ನಿಜವಾದ ಇಂಗ್ಲಿಷ್ ಬಂದರೆ ಇನ್ನೂ ಕಷ್ಟ: ಎರಡಕ್ಕೂ ಸಂಖ್ಯೆಗಳು ಒಂದೇ ಆದುದರಿಂದ ಬರಿಯ ಅಕ್ಷರಗಳನ್ನು ನೋಡುವ ಪರಿವರ್ತಕವು ಅದನ್ನೂ ಕನ್ನಡವೆಂದೇ ಬಗೆದು ಅರ್ಥಹೀನವಾದ ಅಕ್ಷರಗಳನ್ನು ಕಾರುತ್ತದೆ. ಚಲನೆಯ ಸಮೀಕರಣಗಳಿರುವ ನನ್ನ ಪ್ರಶ್ನಪತ್ರಿಕೆಗಳಲ್ಲಿ ವೇಗ, ಕಾಲ, ವೇಗೋತ್ಕರ್ಷಗಳ ಚಿಹ್ನೆಗಳೆಲ್ಲ ಹೀಗೆ ಕನ್ನಡದ ಚೂರುಗಳಾಗಿ ಬಿದ್ದುದನ್ನು ನೋಡಿ ನಗುವುದೋ ಅಳುವುದೋ ತಿಳಿಯದಾಯಿತು.

ಹೊಸ ವ್ಯವಸ್ಥೆಯಲ್ಲಿ ಟೈಪು ಮಾಡುವುದು ಹೇಗೆಂಬ ಭಯ ಮೇಷ್ಟರಿಗಿತ್ತು. ಕೆ. ಪಿ. ರಾವ್ ಅವರು ರೂಪಿಸಿ, ನುಡಿಯ ಮೂಲಕ ನಾಡಿನಲ್ಲೆಲ್ಲ ಹರಡಿದ ಕೀಲಿಮಣೆ ವಿನ್ಯಾಸವು ಲಿನಕ್ಸಿನಲ್ಲಿಯೂ ಇದೆ. ಬೆರಳುಗಳು ಹೊಸದಾಗಿ ಕಲಿಯಬೇಕಾದುದಿಲ್ಲ. ಮುದ್ರಕವು ಮಾತ್ರ ಎರಡು ದಿನ ಸತಾಯಿಸಿತು. ಹಳೆಯ ಮುದ್ರಕ ಅಥವಾ ಸ್ಕ್ಯಾನರ್ ಇದ್ದವರು ವ್ಯವಸ್ಥೆಯನ್ನು ಸ್ಥಾಪಿಸುವುದಕ್ಕೆ ಮುಂಚೆ, ಪೆನ್ ಡ್ರೈವಿನ ಪರೀಕ್ಷೆಯಲ್ಲಿಯೇ, ಅವು ನಡೆಯುತ್ತವೆಯೇ ಎಂದು ನೋಡಿಕೊಳ್ಳಬೇಕು. ವಿಂಡೋಸ್ ಒಂದರಲ್ಲಿಯೇ ನಡೆಯುವ ಲೆಕ್ಕಪತ್ರದ ತಂತ್ರಾಂಶವನ್ನು ನಂಬಿದ ಅಂಗಡಿಯವರಿಗೆ ನಾನು ಲಿನಕ್ಸನ್ನು ಹೇಳುವುದಿಲ್ಲ.

ಈಗ ಸಂಜೆಗಳಲ್ಲಿ ಮೇಷ್ಟರ ಮನೆಯ ಹಜಾರದಲ್ಲಿ ಹಳೆಯ ಗಣಕದ ಮುಂದೆ ಇಬ್ಬರೂ ಕುಳಿತು, ಪರಿವರ್ತಿತವಾದ ಬರಹವನ್ನು ಫಾಂಟು ತೊಡಿಸಿದ ಮೂಲದೊಡನೆ ಸಾಲುಸಾಲಾಗಿ ಹೋಲಿಸುತ್ತೇವೆ. ಅವರು ಓದುತ್ತಾರೆ, ನಾನು ತಿದ್ದುತ್ತೇನೆ. ಕೆಲವು ಕಡೆ ಓದು ತಾನಾಗಿ ನಿಲ್ಲುತ್ತದೆ. ಆ ಮಾತನ್ನು ಹೇಳಿದ ಮುದುಕಿ ಯಾವ ಮನೆಯವಳು, ಹೇಳುವಾಗ ಹೇಗೆ ಕುಳಿತಿದ್ದಳು ಎಂಬುದು ಅವರಿಗೆ ನೆನಪಾಗುತ್ತದೆ. ಅದನ್ನೂ ಕೆಳಗೆ ಟಿಪ್ಪಣಿಯಾಗಿ ಸೇರಿಸುತ್ತಿದ್ದೇವೆ. ಮೂವತ್ತೆರಡನೆಯ ಪುಟದವರೆಗೆ ಬಂದಿದ್ದೇವೆ.