ಹಿಡಿ ಎಲ್ಲಿರಬೇಕು, ಅಂಚು ಹೇಗಿರಬೇಕು?

ಜಪಾನಿನ ಐಚಿ ಪ್ರಾಂತ್ಯದ ಟೊಕೊನಾಮೆ ಪಟ್ಟಣ ಕ್ಯೂಸು ಎಂಬ ಪುಟ್ಟ ಟೀಪಾಟ್‌ಗಳಿಗೆ ಹೆಸರುವಾಸಿ. ಕಬ್ಬಿಣದ ಅಂಶವಿರುವ ಕೆಂಪು ಜೇಡಿಮಣ್ಣು, ಗ್ಲೇಜ್ ಹಚ್ಚದ ನುಣುಪಾದ ಮೈ, ಮೂತಿಗೆ ಲಂಬವಾಗಿ ಪಕ್ಕಕ್ಕೆ ಚಾಚಿದ ಹಿಡಿ. ಇದೇ ಮಣ್ಣು ಗಾಳಿಯಾಡುವ ಗೂಡಿನಲ್ಲಿ ಬೆಂದರೆ ಕೆಂಪಾಗುತ್ತದೆ, ಆಮ್ಲಜನಕ ಸಾಲದ ಗೂಡಿನಲ್ಲಿ ಬೆಂದರೆ ಕಪ್ಪಾಗುತ್ತದೆ. ಈ ಚೆಲುವಿಗೆ ಮನಸೋತು ಅದೇ ಧಾಟಿಯ ಮಗ್ ಮಾಡಲು ಹೊರಡುವ ಕುಂಬಾರರುಂಟು. ಆಕಾರವನ್ನಷ್ಟೇ ತಂದರೆ ಸಾಲದು, ಅದರ ಹಿಂದಿನ ಕಾರಣವನ್ನೂ ತರಬೇಕು ಎನ್ನುವುದು ನನ್ನ ವಾದ.

ಹಿಡಿಯನ್ನೇ ನೋಡಿ. ಮಣಿಕಟ್ಟನ್ನು ತುಸು ಹೊರಳಿಸಿದರೆ ಸಾಕು, ಕ್ಯೂಸು ಬಾಗುತ್ತದೆ. ಪಕ್ಕದ ಹಿಡಿ ಅಲ್ಲಿರುವುದು ಅದಕ್ಕೇ. ಆ ಹಿಡಿ ಒಳಗೆ ಟೊಳ್ಳು, ತುದಿ ತೆರೆದಿರುತ್ತದೆ. ಬಿಸಿ ಹರಿದು ಬರಲು ತೆಳುವಾದ ಗೋಡೆಯೊಂದೇ ದಾರಿ, ಹಾಗಾಗಿ ಬೆರಳು ಸುಡುವುದಿಲ್ಲ. ಮಗ್‌ನ ಲೆಕ್ಕ ಬೇರೆ. 300 ಗ್ರಾಂ ತೂಕದ ಮಗ್‌ಗೆ 250 ಮಿ.ಲೀ. ಕಾಫಿ ಸುರಿದರೆ ಒಟ್ಟು ಭಾರ ಸುಮಾರು 550 ಗ್ರಾಂ. ಈ ಭಾರದ ಕೇಂದ್ರ ಬೆರಳಿನಿಂದ 6 ಸೆಂ.ಮೀ. ಬದಲು 12 ಸೆಂ.ಮೀ. ದೂರವಾದರೆ ಮಣಿಕಟ್ಟಿನ ಮೇಲಿನ ತಿರುಚುಬಲ ಎರಡು ಪಟ್ಟಾಗುತ್ತದೆ. ಅಷ್ಟನ್ನು ತಡೆದುಕೊಂಡು ದಿನವೂ ಕುಡಿಯುವುದು ಕಷ್ಟ. ಟೊಳ್ಳಿನ ಉಪಾಯವನ್ನು ಉಳಿಸಿಕೊಂಡು ಹಿಡಿಯನ್ನು ಗಿಡ್ಡ ಮಾಡಿ ಮೈಗೆ ಹತ್ತಿರ ತರುವುದೇ ಸರಿ.

ಗೋಡೆ ತೆಳುವಾದಷ್ಟೂ ಲಾಭ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 300 ಗ್ರಾಂ ಮಗ್ ತಾನು ಬಿಸಿಯಾಗಲು ಶಾಖ ಹೀರಿ, 95 ಡಿಗ್ರಿಯ 250 ಮಿ.ಲೀ. ಕಾಫಿಯನ್ನು ಸುಮಾರು 81ಕ್ಕೆ ಇಳಿಸಬಲ್ಲದು. 200 ಗ್ರಾಂ ಮಗ್ ಆದರೆ 85ರ ಹತ್ತಿರ ನಿಲ್ಲುತ್ತದೆ.

ತಿಗರಿಯ ಮೇಲೆ ಕಂಡ ಅಳತೆಯನ್ನು ನಂಬುವಂತಿಲ್ಲ. ಮಣ್ಣು ಒಣಗಿ, ಬೆಂದು ಬರುವಷ್ಟರಲ್ಲಿ ಉದ್ದ, ಅಗಲ, ಎತ್ತರ ಶೇ. 10ರಷ್ಟು ಕುಗ್ಗಿದರೂ ಒಳಗಿನ ಜಾಗ ಶೇ. 27ರಷ್ಟು ಕಡಿಮೆಯಾಗುತ್ತದೆ. 300 ಮಿ.ಲೀ. ಹಿಡಿಯುವ ಮಗ್ ಬೇಕೆಂದರೆ ಹಸಿಮಣ್ಣಿನಲ್ಲಿ ಸುಮಾರು 410 ಮಿ.ಲೀ.ಯಷ್ಟು ದೊಡ್ಡದಾಗಿ ಎತ್ತಬೇಕು. ಹಿಡಿ ಹೆಚ್ಚು ಹಸಿಯಿದ್ದು ಮೈ ಆಗಲೇ ಒಣಗಿದ್ದರೆ ಕುಗ್ಗುವಿಕೆ ಹೊಂದದೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಎರಡರ ತೇವವೂ ಸಮನಾಗಿದ್ದಾಗಲೇ ಅಂಟಿಸಬೇಕು.

ಇನ್ನುಳಿದದ್ದು ಅಂಚು. ಟೀಪಾಟ್‌ನ ಮೂತಿಯಿಂದ ಚಹಾ ಹೊರಮೈಗೆ ಅಂಟಿಕೊಂಡು ಇಳಿಯುವುದನ್ನು 1956ರಲ್ಲಿ ಮಾರ್ಕಸ್ ರೈನರ್ ‘ಟೀಪಾಟ್ ಪರಿಣಾಮ’ ಎಂದು ಕರೆದರು. ಮರುವರ್ಷ ಜೋಸೆಫ್ ಕೆಲ್ಲರ್, ಅಂಚಿನಲ್ಲಿ ಬಾಗುವ ಹರಿವಿನಲ್ಲಿ ಒತ್ತಡ ತಗ್ಗುವುದರಿಂದ ಸುತ್ತಲಿನ ಗಾಳಿ ದ್ರವವನ್ನು ಮೈಗೆ ಒತ್ತುತ್ತದೆ ಎಂದು ವಿವರಿಸಿದರು. ಅಂಚು ಚೂಪಾಗಿದ್ದರೆ ಧಾರೆ ತಟ್ಟನೆ ಕಳಚಿಕೊಳ್ಳುತ್ತದೆ. ಮಗ್‌ನ ದಪ್ಪ, ಗುಂಡು ಅಂಚಿನಿಂದ ಹನಿ ಹೊರಗೆ ಜಾರುವುದೂ ಹೀಗೆಯೇ. ತುಟಿಗೆ ಒರಟಾಗದಷ್ಟು ನಯವಾಗಿ, ಆದರೆ ತೆಳುವಾಗಿ ಅಂಚು ತೆಗೆಯುವುದರಲ್ಲೇ ಕುಂಬಾರನ ಕೈಚಳಕವಿದೆ.

ಮುಂದಿನ ಸಲ ಕೈಯಲ್ಲಿ ಮಾಡಿದ ಮಗ್ ಕೊಳ್ಳುವಾಗ ಬಣ್ಣ ನೋಡಿ ಸುಮ್ಮನಾಗಬೇಡಿ. ನೀರು ತುಂಬಿಸಿ ಒಂದೇ ಕೈಯಲ್ಲಿ ಎತ್ತಿ, ನಿಧಾನವಾಗಿ ಬಗ್ಗಿಸಿ ನೋಡಿ.