ಶ್ವಾಸಕೋಶದ ಕ್ಯಾನ್ಸರ್ ಕರುಳಿಗೂ ಹೋಗುತ್ತಾ? ಪತ್ತೆ ಹಚ್ಚೋದು ಹೇಗೆ?

ಹೆಬ್ಬೂರಿಂದ ಮಾತಾಡ್ತಿದ್ದೀನಿ. ಕುಣಿಗಲ್ ಕಡೆಯ ಕೇಳುಗರೊಬ್ಬರದ್ದು ಒಂದು ಪ್ರಶ್ನೆ. ಅವರ ದೊಡ್ಡಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಈಗ ಹೊಟ್ಟೆ ಹಿಂಡುತ್ತೆ, ಮಲ ಟಾರಿನಂತೆ ಕಪ್ಪಾಗಿದೆ. ಇದು ಬರೀ ಗ್ಯಾಸ್ಟ್ರಿಕ್ಕಾ?

ಇರಬಹುದು. ಕಬ್ಬಿಣಾಂಶದ ಮಾತ್ರೆ ತಗೊಂಡ್ರೂ ಮಲ ಕಪ್ಪಾಗುತ್ತೆ. ಆದ್ರೆ ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ರಕ್ತದ ಮೂಲಕ ಸಣ್ಣ ಕರುಳಿಗೂ ಹೋಗಬಲ್ಲವು. ಬದುಕಿದ್ದಾಗ ಇದು ಪತ್ತೆಯಾಗೋದು ಅಪರೂಪ; ಹಳೆಯ ಶವಪರೀಕ್ಷೆ ಅಧ್ಯಯನಗಳಲ್ಲಿ ಮಾತ್ರ ನೂರಕ್ಕೆ ಹತ್ತರ ಆಸುಪಾಸು ಕಂಡಿದೆ. ಅಂದ್ರೆ ಕಣ್ತಪ್ಪಿ ಹೋಗೋದೇ ಜಾಸ್ತಿ.

ಯಾಕೆ ತಪ್ಪುತ್ತೆ? ಬಾಯಿಂದ ಹಾಕೋ ಎಂಡೋಸ್ಕೋಪಿ ಜಠರ ದಾಟಿ ಸ್ವಲ್ಪ ದೂರ ನೋಡುತ್ತೆ. ಕೆಳಗಿಂದ ಹಾಕೋ ಕೊಲೊನೋಸ್ಕೋಪಿ ದೊಡ್ಡ ಕರುಳು ನೋಡುತ್ತೆ. ಸಣ್ಣ ಕರುಳು ಸುಮಾರು 6 ಮೀಟರ್, ಅದರ ಬಹುಭಾಗ ಇವೆರಡರ ನಡುವೆ ಉಳಿದುಬಿಡುತ್ತೆ. 'ಎರಡೂ ನಾರ್ಮಲ್' ಅಂತ ರಿಪೋರ್ಟ್ ಬಂದು, ಹಿಮೋಗ್ಲೋಬಿನ್ ಮಾತ್ರ ಇಳೀತಾನೇ ಇದ್ರೆ, ಮುಂದೆ ಹೊಟ್ಟೆಯ ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ. ಪೆಟ್ ಸ್ಕ್ಯಾನ್ ಕೂಡ ನೆರವಾಗುತ್ತೆ. ಆದ್ರೆ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳೋರ ಕರುಳು ಕಾಯಿಲೆ ಇಲ್ಲದೆಯೂ ಅದರಲ್ಲಿ ಹೊಳೆಯಬಹುದು, ಮೊದಲೇ ಹೇಳಿಬಿಡಿ. ಕ್ಯಾಮೆರಾ ಇರೋ ಕ್ಯಾಪ್ಸೂಲ್ ನುಂಗಿಸೋ ಪರೀಕ್ಷೆಯೂ ಉಂಟು; ಕರುಳು ಕಿರಿದಾಗಿದ್ರೆ ಅದು ಅಲ್ಲೇ ಸಿಕ್ಕಿಕೊಳ್ಳಬಹುದು.

ಎಷ್ಟೋ ಸಲ ಗೊತ್ತಾಗೋದು ಕರುಳು ಕಟ್ಟಿಕೊಂಡು ಅಥವಾ ತೂತಾಗಿ ತುರ್ತು ಆಪರೇಷನ್ ಮಾಡಿದಾಗ. ಹೊಟ್ಟೆ ಹಲಗೆ ಥರ ಗಟ್ಟಿಯಾಗಿ ತಡೆಯಲಾರದ ನೋವು ಬಂದ್ರೆ, ವಾಂತಿ ನಿಲ್ಲದೇ ಹೋದ್ರೆ, ಬೆಳಗಿನ ಬಸ್ಸಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಗೆಡ್ಡೆ ಸಿಕ್ತು ಅಂದ್ಕೊಳ್ಳಿ. ಅದು ಕರುಳಲ್ಲೇ ಹುಟ್ಟಿದ್ದಾ, ಶ್ವಾಸಕೋಶದಿಂದ ಬಂದಿದ್ದಾ? ನಾನು ಬಿಕಾಂ ಓದಿದೋನು, ನಂಗಿದು ವೋಚರ್ ಹುಡುಕೋ ಕೆಲಸದ ಥರ ಕಾಣುತ್ತೆ. ಬಯಾಪ್ಸಿ ತುಣುಕಿಗೆ ವಿಶೇಷ ಬಣ್ಣದ ಪರೀಕ್ಷೆ ಮಾಡ್ತಾರೆ, ಹೆಸರು ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಟಿಟಿಎಫ್-1, ಸಿಕೆ7 ಪಾಸಿಟಿವ್ ಬಂದು, ಸಿಕೆ20, ಸಿಡಿಎಕ್ಸ್2 ನೆಗೆಟಿವ್ ಆದ್ರೆ ಬೆರಳು ಶ್ವಾಸಕೋಶದ ಕಡೆ ತೋರಿಸುತ್ತೆ. ಇದೂ ನೂರಕ್ಕೆ ನೂರು ಅಲ್ಲ. ಸ್ಕ್ವೇಮಸ್ ಅನ್ನೋ ಬಗೆಯಲ್ಲಿ ಟಿಟಿಎಫ್-1 ಸಾಮಾನ್ಯವಾಗಿ ಬರಲ್ಲ. ಹಾಗಾಗಿ ಎದೆಯ ಕಥೆಯನ್ನೂ ಹೊಟ್ಟೆಯ ಡಾಕ್ಟ್ರಿಗೆ ಹೇಳಲೇಬೇಕು: ಬೀಡಿ ಎಷ್ಟು ವರ್ಷ, ಕೆಮ್ಮು ಯಾವಾಗಿಂದ, ಟಿಬಿ ಅಂತ ಮಾತ್ರೆ ನುಂಗಿದ್ದುಂಟಾ. ಕೆಲವರಿಗೆ ಮೊದಲು ಕಾಣಿಸೋದೇ ಹೊಟ್ಟೆನೋವು, ಎದೆಯಲ್ಲಿ ಗೆಡ್ಡೆ ಇದೆ ಅಂತ ಆಮೇಲೆ ಗೊತ್ತಾಗುತ್ತೆ.

ಮೂಲ ಯಾವುದು ಅನ್ನೋದ್ರ ಮೇಲೆ ಔಷಧಿ ಬದಲಾಗುತ್ತೆ. ಶ್ವಾಸಕೋಶದ್ದೇ ಆದ್ರೆ ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆ ಮಾಡಿಸಬಹುದು. ಬದಲಾವಣೆ ಸಿಕ್ಕಿದ್ರೆ ಅದಕ್ಕೇ ಅಂತ ಮಾತ್ರೆಗಳಿವೆ. ಅದಕ್ಕೂ ಅದೇ ತುಣುಕು ಬೇಕು. ತುಮಕೂರಲ್ಲಿ ಆಪರೇಷನ್ ಆಗಿ ಬೆಂಗಳೂರಿನ ಕಿದ್ವಾಯಿಗೆ ಹೊರಟಿದ್ರೆ, ರಿಪೋರ್ಟ್ ಜೊತೆ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಲ್ಯಾಬಿಂದ ಕೇಳಿ ಇಸ್ಕೊಳ್ಳಿ. ಬ್ಲಾಕನ್ನ ಬಿಸಿಲಲ್ಲಿ ಇಡಬೇಡಿ, ಮೇಣ ಕರಗುತ್ತೆ.